ಒಂಬತ್ತು ಸಾಲಿನ ಗೋಡೆ

ಸಿದೆರಿಸ್‌ನ ಬೆರಳಿಗೂ ಕೀಬೋರ್ಡಿಗೂ ಆಗಿಬರುತ್ತಿರಲಿಲ್ಲ. ಎಂಟು ವರ್ಷ ಸುಣ್ಣ ಕಲಸಿ ಕಲಸಿ ತುದಿಗಳು ಸೀಳಿ, ಸೀಳಿನೊಳಗೆ ಬಿಳಿ ಕೂತು, ಎಷ್ಟು ತಿಕ್ಕಿದರೂ ಹೋಗದ ಹಾಗಾಗಿತ್ತು. ಒಂದು ಅಕ್ಷರ ಒತ್ತಿದರೆ ಪಕ್ಕದ್ದೂ ಜೊತೆಗೆ ಒತ್ತಿಕೊಳ್ಳುತ್ತಿತ್ತು. ಪರದೆಯ ಮೇಲೆ ಕೆಂಪು ಗೆರೆ ಬೀಳುತ್ತಿತ್ತು. ನೀನು ತಪ್ಪು ಅನ್ನುತ್ತದೆ, ಏನು ತಪ್ಪು ಅಂತ ಬಾಯಿ ಬಿಡುವುದಿಲ್ಲ. ಥೇಟ್ ಸೋದರಮಾವನ ಹಾಗೆ.

"ಮಿಸ್, ಇವನು ಕೀಬೋರ್ಡಿಗೂ ಸುಣ್ಣ ಹೊಡೀತಿದ್ದಾನೆ," ಎಂದ ಲೆಫ್ತೆರಿಸ್. ಔಷಧಿ ಅಂಗಡಿಯವರ ಮಗ. ಪಟ್ಟಣದಲ್ಲಿ ಕಾಲೇಜು ಓದುತ್ತಿದ್ದ. ಓದುತ್ತಿರುವುದನ್ನು ಊರು ಮರೆಯದಂತೆ ನೋಡಿಕೊಳ್ಳುತ್ತಿದ್ದ.

"ನಿನ್ನ ಮೂತಿಗೂ ಹೊಡೀತೀನಿ, ಕಲಸಿದ್ದು ಉಳಿದಿದೆ," ಎಂದ ಸಿದೆರಿಸ್.

ನಾಲ್ಕು ಹೈಸ್ಕೂಲು ಹುಡುಗಿಯರು ಕಿಸಕ್ಕೆಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಪಾಂತೆಲಿಸ್ ತಾತ ಕೆಮ್ಮಿದ. ನಲವತ್ತು ವರ್ಷ ಹಡಗಿನ ಎಂಜಿನ್ ಪಕ್ಕ ನಿಂತು ಕಿವಿ ಮಂದ ಮಾಡಿಕೊಂಡು ಬಂದು, ಈಗ ಮನೆಯಲ್ಲಿ ಹೆಂಡತಿಯ ಜೊತೆ ಕೂರಲಾರದೆ ಕ್ಲಾಸಿಗೆ ಬರುತ್ತಿದ್ದವನು. ಪಿರ್ಗಿ ಊರಿನ ಯುವಕ ಸಂಘದ ಮಹಡಿಯಲ್ಲಿ ಮಂಗಳವಾರ, ಗುರುವಾರ ಸಂಜೆ ಐದಕ್ಕೆ ನಡೆಯುತ್ತಿದ್ದ ಆ ಕಂಪ್ಯೂಟರ್ ಚಿತ್ರದ ಕ್ಲಾಸಿನಲ್ಲಿ ಇದ್ದವರು ಇಷ್ಟೇ ಜನ. ಕಲಿಸುವ ಫೋತಿನಿ ಥೆಸಲೋನಿಕಿಯವಳು. ಎರಡು ತಿಂಗಳಿಗೆಂದು ಈ ಗ್ರೀಕ್ ದ್ವೀಪಕ್ಕೆ ಬಂದಿದ್ದಳು. ನಗುವುದು ಕಡಿಮೆ, ಹೊಗಳುವುದು ಇಲ್ಲವೇ ಇಲ್ಲ.

"ಇಲ್ಲಿ ನೀವು ಚಿತ್ರ ಬರೆಯಲ್ಲ," ಎಂದಿದ್ದಳು ಮೊದಲ ದಿನ. "ನಿಯಮ ಬರೀತೀರ. ಚಿತ್ರ ಕಂಪ್ಯೂಟರ್ ಬರೆಯುತ್ತೆ. ನಿಯಮದಲ್ಲಿ ಒಂದು ಜಾಗ ಖಾಲಿ ಬಿಡ್ತೀರ, ಅಲ್ಲಿ ಅದು ಚೀಟಿ ಎತ್ತುತ್ತೆ. ಯಾವ ಚೀಟಿ ಬರುತ್ತೆ ಅಂತ ನಿಮಗೂ ಗೊತ್ತಿರಲ್ಲ. ಅದು ಇಷ್ಟ ಆಗದವರು ಹೊಲಿಗೆ ಕ್ಲಾಸಿಗೆ ಹೋಗಿ."

ಸಿದೆರಿಸ್ ಕಲೆ ಕಲಿಯಲು ಬಂದವನಲ್ಲ. ಕದಿಯಲು ಬಂದವನು.

ಪಿರ್ಗಿಯಲ್ಲಿ ಮನೆಯ ಮುಂಗೋಡೆ ಬರಿದಾಗಿರಕೂಡದು. ಕಡಲ ಕಪ್ಪು ಮರಳಿನ ಗಾರೆ ಎಳೆದು, ಮೇಲೆ ಬಿಳಿ ಸುಣ್ಣ ಹೊಡೆದು, ಅದು ಹಸಿ ಇರುವಾಗಲೇ ಊಟದ ಮುಳ್ಳುಚಮಚದಿಂದ ಕೆರೆಯುತ್ತಾರೆ. ಕೆರೆದಲ್ಲಿ ಕಪ್ಪು, ಬಿಟ್ಟಲ್ಲಿ ಬಿಳಿ. ತ್ರಿಕೋನ, ವಜ್ರ, ಅರ್ಧಚಂದ್ರ, ಸೂರಿನಿಂದ ಬೀದಿಯ ತನಕ ಸಾಲು ಸಾಲು. ಆ ಕೆಲಸ ಬಲ್ಲವರು ಊರಲ್ಲಿ ಈಗ ಒಬ್ಬರೇ, ಝಾನಿಸ್ ಮೇಸ್ತ್ರಿ. ಸಿದೆರಿಸ್‌ನ ಸೋದರಮಾವ.

ಹದಿನಾಲ್ಕಕ್ಕೆ ಶಾಲೆ ಬಿಟ್ಟ ಸಿದೆರಿಸ್ ಮಾವನ ಕೈಕೆಳಗೆ ಸೇರಿದ್ದ. ಸುಣ್ಣ ಕಲಸುವುದು, ಗಾರೆ ಹೊರುವುದು, ಸಾರವೆ ಕಟ್ಟುವುದು, ಬಿಚ್ಚುವುದು. ಹೊಸ ಗೋಡೆಗೆ ಮಾವ ದಾರ ಹಿಡಿದು ಮೊದಲ ಗೆರೆ ಎಳೆಯುವ ಹೊತ್ತಿಗೆ ಸರಿಯಾಗಿ ಬಾಯಾರುತ್ತಿತ್ತು. "ಹೋಗೋ, ನೀರು ತಗೊಂಡು ಬಾ." ಬರುವಷ್ಟರಲ್ಲಿ ಗೆರೆ ಎಳೆದಾಗಿರುತ್ತಿತ್ತು. ಎಂಟು ವರ್ಷ, ನಲವತ್ತು ಗೋಡೆ, ನಲವತ್ತು ಸಲ ನೀರು. ಕೆರೆಯುವ ಮುಳ್ಳು ಒಂದು ಸಲವೂ ಕೈಗೆ ಬಂದಿರಲಿಲ್ಲ.

ಇಷ್ಟಾಗಿಯೂ ಅವನು ಸಹಿಸಿಕೊಂಡಿದ್ದ. ಸಹಿಸಲಾಗದಿದ್ದುದು ಅವನ ಮನೆಯ ಗೋಡೆ. ಮೂರು ಚಳಿಗಾಲದ ಹಿಂದೆ ಅದರ ಗಾರೆ ಉದುರಿತ್ತು. ಅಜ್ಜನ ಜಮೀನಿನ ವಿಷಯಕ್ಕೆ ಅಮ್ಮ ಮಾತ್ರೋನಾಳಿಗೂ ಮಾವನಿಗೂ ಮಾತು ಬಿಟ್ಟುಹೋಗಿತ್ತು. "ಅವಳ ಗೋಡೆನಾ? ನಾನು ಸತ್ತ ಮೇಲೆ ಮಾಡ್ತೀನಿ," ಎಂದಿದ್ದ ಮಾವ. ಇಡೀ ಬೀದಿಯಲ್ಲಿ ಅದೊಂದೇ ಮನೆ ಮೈಮೇಲೆ ಬಟ್ಟೆ ಇಲ್ಲದವರಂತೆ ಕಲ್ಲು ತೋರಿಸಿಕೊಂಡು ನಿಂತಿತ್ತು. ಮಳೆಗಾಲದಲ್ಲಿ ಕಲ್ಲಿನ ಸಂದಿಯಿಂದ ನೀರು ಇಳಿದು ಅಮ್ಮನ ಹಾಸಿಗೆಯ ಪಕ್ಕ ಹಸಿರು ಹಿಡಿಯುತ್ತಿತ್ತು.

ಈ ಅಕ್ಟೋಬರಿನಲ್ಲಿ ಆ ಗೋಡೆಯನ್ನು ತಾನೇ ಕೆರೆಯುತ್ತೇನೆ ಎಂದು ಸಿದೆರಿಸ್ ನಿಶ್ಚಯಿಸಿದ್ದ. ಅದು ಆಟವಲ್ಲ ಎಂದೂ ಅವನಿಗೆ ಗೊತ್ತಿತ್ತು. ಮೊದಲ ಗೋಡೆ ಕೆಟ್ಟರೆ ಊರಿನವರು ಅದನ್ನು ಒಡೆಸುತ್ತಾರೆ. ಒಡೆಸಿಕೊಂಡವನ ಕೈಗೆ ಮತ್ತೆ ಯಾರೂ ಗೋಡೆ ಕೊಡುವುದಿಲ್ಲ. ಸಾಯುವ ತನಕ ಸುಣ್ಣ ಕಲಸಿಕೊಂಡಿರಬೇಕು. ಹಾಗೆ ಕಲಸಿಕೊಂಡೇ ಸತ್ತವರನ್ನು ಅವನು ಕಂಡಿದ್ದ.

ಮಾವನ ಮುಗಿದ ಗೋಡೆಗಳನ್ನು ಗೇಣಿನಲ್ಲಿ ಅಳೆದು, ಸುಣ್ಣದ ಚೀಲದ ಕಾಗದದ ಮೇಲೆ ಬರೆದುಕೊಂಡು, ಅದನ್ನೇ ನಿಯಮವಾಗಿ ಟೈಪ್ ಮಾಡುವುದು ಅವನ ಯೋಜನೆ. ಇಂಗ್ಲಿಷ್ ಪದಗಳು ಅರ್ಥವಾಗುತ್ತಿರಲಿಲ್ಲ. ಅರ್ಥ ಯಾಕೆ ಬೇಕು? ಗಾರೆಗೆ ಮರಳು ಎಷ್ಟು, ಸುಣ್ಣ ಎಷ್ಟು ಅಂತ ಕಲಿತ ಹಾಗೆ ಕಲಿತ. ಈ ಪದ ಹಾಕಿದರೆ ಮತ್ತೆ ಮತ್ತೆ ಮಾಡುತ್ತದೆ. ಈ ಪದ ಹಾಕಿದರೆ ಚೀಟಿ ಎತ್ತುತ್ತದೆ. ಆವರಣ ಚಿಹ್ನೆ ಮುಚ್ಚದಿದ್ದರೆ ಕೆಂಪು ಗೆರೆ. ಆವರಣ ಮುಚ್ಚುವುದನ್ನು ಮೂರು ವಾರ ಪ್ರತಿ ಕ್ಲಾಸಿನಲ್ಲೂ ಮರೆತ, ಪ್ರತಿ ಕ್ಲಾಸಿನಲ್ಲೂ ಬೈದ. ಒಮ್ಮೆ ಪರದೆಗೆ ಗುದ್ದಲು ಕೈ ಎತ್ತಿದಾಗ ಫೋತಿನಿ ಅವನ ಮಣಿಕಟ್ಟು ಹಿಡಿದಳು.

"ಅದು ಸಂಘದ್ದು. ಗುದ್ದಲೇಬೇಕು ಅಂದ್ರೆ ನಿಂದೇ ಒಂದು ತಗೊಂಡು ಬಾ."

ಒಂದು ದಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಗಣಿತದ ಗ್ರಾಫಿನಲ್ಲಿ ಅಂಕಿ ಮೇಲಕ್ಕೆ ಹೋದ ಹಾಗೆ ಹೆಚ್ಚಾಗುತ್ತೆ, ಇಲ್ಲಿ ಕೆಳಕ್ಕೆ ಬಂದ ಹಾಗೆ ಹೆಚ್ಚಾಗುತ್ತಲ್ಲ, ಇದು ತಲೆಕೆಳಗಲ್ಲವಾ ಎಂದು ಕೇಳಿದಳು. ಎಲ್ಲರಿಗೂ ಅದೇ ತೊಡಕು. ಲೆಫ್ತೆರಿಸ್‌ನ ಚಿತ್ರಗಳೂ ಬುಡಮೇಲಾಗಿ ಬರುತ್ತಿದ್ದವು.

"ಇದರಲ್ಲಿ ಏನು ತಲೆಕೆಳಗು?" ಎಂದ ಸಿದೆರಿಸ್. "ಸುಣ್ಣ ಕೆಳಕ್ಕೆ ಸೋರುತ್ತೆ. ಕೆಳಗಿಂದ ಶುರು ಮಾಡಿದ್ರೆ ಮಾಡಿದ್ದರ ಮೇಲೇ ಸೋರಿ ಹಾಳಾಗುತ್ತೆ. ಯಾರಿಗಾದ್ರೂ ಗೊತ್ತಿರೋ ವಿಷಯ."

"ಇದು ಪರದೆ ಕಣೋ, ಇಲ್ಲಿ ಏನೂ ಸೋರಲ್ಲ," ಎಂದ ಲೆಫ್ತೆರಿಸ್.

"ಮತ್ತೆ ನಿಂದು ಯಾಕೆ ಬುಡಮೇಲು ಬರುತ್ತೆ?"

ಫೋತಿನಿ ಬೋರ್ಡಿನ ಕಡೆ ತಿರುಗಿ ನಿಂತಳು. ಅವಳ ಭುಜ ಒಂದು ಸಲ ಅಲುಗಿದ್ದನ್ನು ಸಿದೆರಿಸ್ ನೋಡಿದ.

ನಾಲ್ಕನೇ ವಾರ ಮಾವನ ಗೋಡೆ ಪರದೆಯ ಮೇಲೆ ಬಂತು. ತ್ರಿಕೋನ ಮೇಲೆ, ತ್ರಿಕೋನ ಕೆಳಗೆ, ಒಂದು ಕಪ್ಪು ಒಂದು ಬಿಳಿ, ಸಾಲು ಬದಲಾದಾಗ ಅದಲುಬದಲು. ಸಿದೆರಿಸ್ ಎಣಿಸಿದ. ಹನ್ನೊಂದು ಸಾಲು ಕೋಡ್. ಮತ್ತೊಮ್ಮೆ ಎಣಿಸಿದ. ನಲವತ್ತು ಸಲ ತನ್ನನ್ನು ನೀರಿಗೆ ಓಡಿಸಿ, ಬೆನ್ನು ಅಡ್ಡ ಇಟ್ಟು, ಮಾವ ಬಚ್ಚಿಟ್ಟುಕೊಂಡ ವಿದ್ಯೆಯೆಲ್ಲ ಹನ್ನೊಂದು ಸಾಲು. ಗೆದ್ದ ಖುಷಿ ಬರಲಿಲ್ಲ. ಮೈ ಉರಿಯಿತು. ಬಾಗಿಲು ಮುರಿದು ಒಳನುಗ್ಗಿದ ಕಳ್ಳನಿಗೆ ಒಳಗೆ ಒಂದು ಸ್ಟೂಲು ಮಾತ್ರ ಸಿಕ್ಕ ಹಾಗೆ.

ಅಂದೇ ಅವನು ಆ ಹನ್ನೊಂದು ಸಾಲಿಗೆ ಒಂದು ಚೀಟಿ ತುರುಕಿದ. ಪ್ರತಿ ತ್ರಿಕೋನಕ್ಕೂ ಕಂಪ್ಯೂಟರ್ ಚೀಟಿ ಎತ್ತಬೇಕು. ಹತ್ತರಲ್ಲಿ ಮೂರು ಸಲ ಬಿಳಿ, ಏಳು ಸಲ ಕಪ್ಪು. ಗುಂಡಿ ಒತ್ತಿದ. ಯಾವ ಮೇಸ್ತ್ರಿಯೂ ಮಾಡದ ಗೋಡೆ ಎದುರಿಗೆ ನಿಂತಿತು. ಕಗ್ಗತ್ತಲ ಮೇಲೆ ಬಿಳಿ ಚೂರುಗಳು, ಒಂದು ಕಡೆ ಗುಂಪು, ಒಂದು ಕಡೆ ಒಂಟಿ, ಎಲ್ಲಿಯೂ ಮರುಕಳಿಸದೆ. ಹೊಳೆಯುವ ಪರದೆಯಲ್ಲಿ ಆ ಕಪ್ಪು ರೇಷ್ಮೆಯ ಹಾಗೆ ಕಾಣುತ್ತಿತ್ತು. ಇದನ್ನು ಕದ್ದದ್ದು ಎಂದು ಯಾವನೂ ಅನ್ನಲಾರ.

ಕಾಗದಗಳ ಮೇಲೆ ಅಚ್ಚು ಹಾಕಿಸಿ, ಅಂಟಿಸಿ, ಸುರುಳಿ ಮಾಡಿಕೊಂಡು ಮನೆಗೆ ಒಯ್ದ.

ಊರು ಚಿಕ್ಕದು. ಮರುದಿನ ಬೆಳಿಗ್ಗೆ ಸುಣ್ಣದ ತೊಟ್ಟಿಯ ಹತ್ತಿರ ಮಾವ ಕೈ ಕಟ್ಟಿಕೊಂಡು ನಿಂತಿದ್ದ. ಅರವತ್ತೆಂಟು ವರ್ಷ, ಗಿಡ್ಡ, ಒಣಕಲು. ಬಲ ಜೇಬಿನಲ್ಲಿ ಮೂರು ಹಲ್ಲಿನ ಮುಳ್ಳು.

"ಔಷಧಿ ಅಂಗಡಿ ಹುಡುಗ ಹೇಳ್ದ. ನಮ್ಮಪ್ಪನ ಗೆರೆಗಳನ್ನೆಲ್ಲ ಡಬ್ಬಿಗೆ ತುಂಬಿದ್ದೀಯಂತೆ."

"ತುಂಬಿದ್ದೆ ಮಾವ. ಅಳಿಸಿಬಿಟ್ಟೆ."

"ಅಳಿಸಿದ್ಯಾ?"

"ಇಟ್ಕೊಳ್ಳೋ ಅಂಥದ್ದು ಏನಿರಲಿಲ್ಲ. ಹನ್ನೊಂದೇ ಸಾಲು."

ಕದ್ದಿದ್ದೇನೆ ಎಂದಿದ್ದರೆ ಮಾವ ಎರಡು ಬಿಗಿದು ಸುಮ್ಮನಾಗುತ್ತಿದ್ದನೇನೋ. ಕದ್ದು, ನೋಡಿ, ಬಿಸಾಡಿದೆ ಎಂದದ್ದು ಅವನ ಮುಖವನ್ನು ಬೂದಿ ಮಾಡಿತು.

"ನೀನು ಅಮ್ಮನ ಗೋಡೆ ಮಾಡ್ತೀಯಂತಲ್ಲ."

"ಶನಿವಾರ."

"ಮಾಡು. ನಾನು ಎದುರಿಗೆ ಕೂತು ಕಾಫಿ ಕುಡೀತಾ ನೋಡ್ತೀನಿ. ಸೋಮವಾರ ಸುತ್ತಿಗೆ ಹಿಡ್ಕೊಂಡು ನಾನೇ ಬರ್ತೀನಿ, ಒಡೆಯೋಕೆ ಕೂಲಿ ಕೇಳಲ್ಲ." ಮಾವ ತೊಟ್ಟಿಯ ಗುದ್ದಲಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. "ಈಗ ನಡಿ ಇಲ್ಲಿಂದ."

ಶನಿವಾರ ಬೆಳಕು ಹರಿಯುವ ಮುಂಚೆ ಮಾತ್ರೋನಾ ಬಾಲ್ಕನಿಯಿಂದ ಒಣಗಲು ಕಟ್ಟಿದ್ದ ಟೊಮೇಟೊ ಸರಗಳನ್ನು ಇಳಿಸಿ ಒಳಗಿಟ್ಟಳು. ಸಾರವೆಯ ಕಂಬ, ಹಲಗೆಗಳನ್ನು ಪಾಂತೆಲಿಸ್ ತಾತ ದೋಣಿ ರಿಪೇರಿಯವರಿಂದ ಕೊಡಿಸಿದ್ದ. ಸಿದೆರಿಸ್ ಕಪ್ಪು ಗಾರೆ ಎಳೆದ, ಅಮ್ಮ ಬಕೆಟ್ಟು ಎತ್ತಿಕೊಟ್ಟಳು. ಗಾರೆ ಬಿಗಿಯುತ್ತ ಬಂದ ಮೇಲೆ ಎರಡು ಕೈ ಸುಣ್ಣ ಹೊಡೆದ. ಎಂಟಕ್ಕೆ ಗೋಡೆ ಹಾಲಿನಂತೆ ನಿಂತಿತ್ತು. ದಾರ ಹಿಡಿದು ಒಂಬತ್ತು ಸಾಲು, ಸಾಲಿಗೆ ಇಪ್ಪತ್ತೆರಡು ತ್ರಿಕೋನ ಗೀರಿಕೊಂಡ. ದಾರದ ಇನ್ನೊಂದು ತುದಿ ಹಿಡಿದವಳು ಅಮ್ಮ. ಅವಳನ್ನು ಅವನು ಎಲ್ಲಿಗೂ ಕಳಿಸಲಿಲ್ಲ.

ಲೆಕ್ಕ ಅವನಿಗೆ ಬಾಯಿಪಾಠವಿತ್ತು. ಮಾವ ಒಂದು ಸಾಲಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ. ತನಗೆ ಇನ್ನೊಂದು ಐದು ನಿಮಿಷ ಹೆಚ್ಚು ಎಂದಿಟ್ಟುಕೊಂಡರೂ ಒಂದೂವರೆಗೆ ಮುಗಿಯುತ್ತದೆ. ಎರಡರ ತನಕ ಸುಣ್ಣ ಮುಳ್ಳಿಗೆ ಬಗ್ಗುತ್ತದೆ. ಆಮೇಲೆ ಕಲ್ಲು.

ಬೀದಿಯ ಆ ಬದಿಗೆ, ಹತ್ತು ಹೆಜ್ಜೆಯಲ್ಲಿ, ಸ್ತಮಾತೀಯಾಳ ಕಾಫಿ ಅಂಗಡಿ. ಹೇಳಿದ ಹಾಗೇ ಮಾವ ಹೊರಗಿನ ಮೇಜು ಹಿಡಿದು ಕೂತ. ಎದುರು ಪಾಂತೆಲಿಸ್ ತಾತ. ಮಧ್ಯೆ ತಾವ್ಲಿ ಹಲಗೆ, ಊರ ಮುದುಕರ ಪಗಡೆ. ಎರಡು ದಾಳ ಎಸೆಯಬೇಕು, ಬಿದ್ದದ್ದನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕು. ಕೂಗದಿದ್ದರೆ ಮೋಸ ಮಾಡಿದ ಎನ್ನುತ್ತಾರೆ.

ಸಿದೆರಿಸ್ ಕಾಗದವನ್ನು ಸಾರವೆಗೆ ಕಟ್ಟಿಕೊಂಡು ಮೇಲಿನ ಸಾಲಿನಿಂದ ಶುರುಮಾಡಿದ. ಕಾಗದದಲ್ಲಿ ಕಪ್ಪು ಇದ್ದಲ್ಲಿ ಕೆರೆ, ಬಿಳಿ ಇದ್ದಲ್ಲಿ ಬಿಡು. ಮುಳ್ಳು ಸುಣ್ಣದಲ್ಲಿ ಚರಚರ ಎಂದಿತು. ಕೋಳಿಗೂಡಿನ ಹಿಂದಿನ ಗೋಡೆಯ ಮೇಲೆ ತಿಂಗಳಿಂದ ಅಭ್ಯಾಸ ಮಾಡಿದ್ದ. ಒಂದು ಸಾಲು. ಎರಡು. ಮೂರು. ಮೂರನೆಯದು ಮುಗಿದಾಗ ಬೆನ್ನು ನೆಟ್ಟಗೆ ಮಾಡಿ ಚರ್ಚಿನ ಗಡಿಯಾರ ನೋಡಿದ.

ಹನ್ನೊಂದು ಗಂಟೆ.

ಮೊದಲು ಗಡಿಯಾರ ಕೆಟ್ಟಿದೆ ಎಂದುಕೊಂಡ. ಆಮೇಲೆ ಗೋಡೆ ನೋಡಿದ. ಮಾವನ ಗೋಡೆ ಅರ್ಧ ಕಪ್ಪು, ಅರ್ಧ ಬಿಳಿ. ಈ ಊರಿನ ಎಲ್ಲ ಗೋಡೆಯೂ ಅರ್ಧಕ್ಕರ್ಧ. ಅರ್ಧ ಗಂಟೆಯ ಲೆಕ್ಕ ಆ ಅರ್ಧ ಗೋಡೆಯ ಲೆಕ್ಕ. ಅವನದು ಹತ್ತರಲ್ಲಿ ಏಳು ಕಪ್ಪು. ಪರದೆಯ ಮೇಲೆ ಕಪ್ಪು ಪುಕ್ಕಟೆ. ಗೋಡೆಯ ಮೇಲೆ ಪ್ರತಿ ಕಪ್ಪನ್ನೂ ಕೈ ಕೆರೆಯಬೇಕು. ಇದು ಅವನ ತಲೆಗೆ ಹೊಳೆದೇ ಇರಲಿಲ್ಲ. ಫೋತಿನಿಗೂ ಹೊಳೆದಿರಲಿಲ್ಲ, ಅವಳೇನು ಗೋಡೆ ಕೆರೆದವಳೇ? ಅದೂ ಸಾಲದೆ, ಕೆರೆದ ಮೂರು ಸಾಲು ರೇಷ್ಮೆಯ ಹಾಗೆ ಕಾಣುತ್ತಿರಲಿಲ್ಲ. ಬೆಂಕಿ ಬಿದ್ದ ಮನೆಯ ಹಾಗೆ ಕಾಣುತ್ತಿತ್ತು.

"ಮಾತ್ರೋನಾ," ಎಂದು ಮಾವ ಕೂಗಿದ. ಮೂರು ವರ್ಷದಲ್ಲಿ ತಂಗಿಯ ಜೊತೆ ಆಡಿದ ಮೊದಲ ಮಾತು. "ನಿನ್ನ ಮಗನಿಗೆ ಹೇಳು. ಚಿಮಣಿ ಮಸಿ ಒಳಗಡೆ ಇರ್ಬೇಕು, ಹೊರಗಡೆ ಅಲ್ಲ."

ಅಂಗಡಿಯ ಮುಂದೆ ಸೇರಿದ್ದವರು ನಕ್ಕರು. ಬಾಗಿಲಿಗೆ ಒರಗಿದ್ದ ಲೆಫ್ತೆರಿಸ್ ಫೋನ್ ಎತ್ತಿ ಫೋಟೋ ಹಿಡಿದ.

ಸುಣ್ಣ ಒಣಗಿಸುವ ತೆಂಕಣ ಗಾಳಿ ಬೇರೆ ಎದ್ದಿತ್ತು. ಸಿದೆರಿಸ್ ಹೆಬ್ಬೆರಳ ಉಗುರನ್ನು ಸುಣ್ಣಕ್ಕೆ ಒತ್ತಿದ. ಎರಡರ ತನಕ ಎಲ್ಲಿ ಬಂತು, ಒಂದಕ್ಕೆಲ್ಲ ಬಿಗಿಯುತ್ತದೆ. ಇನ್ನೂ ಆರು ಸಾಲು. ಕಾಗದದ ಪ್ರಕಾರ ಹೋದರೆ ಎರಡು ಸಾಲು ಆಗುವಷ್ಟರಲ್ಲಿ ಗೋಡೆ ಕಲ್ಲು.

ಕಾಗದವನ್ನು ಕಿತ್ತು ಕೆಳಗೆ ಎಸೆದ.

ಕಡಿಮೆ ಕೆರೆಯಬೇಕು. ಕೆಳಕ್ಕೆ ಬಂದ ಹಾಗೆ ಇನ್ನೂ ಕಡಿಮೆ. ಹಾಗೆ ಮಾಡಿದರೆ ಮೇಲಿನ ಕತ್ತಲು ತಪ್ಪಾಗಿ ಕಾಣದು, ಕತ್ತಲು ಇಳಿದು ಬೆಳಕಾದ ಹಾಗೆ ಕಾಣುತ್ತದೆ. ಆದರೆ ಯಾವುದನ್ನು ಕೆರೆಯುವುದು, ಯಾವುದನ್ನು ಬಿಡುವುದು? ತಾನೇ ಆರಿಸಿಕೊಂಡು ನಾಲ್ಕನೇ ಸಾಲಿನಲ್ಲಿ ಮೊಳೆಯಿಂದ ಐದಾರು ತ್ರಿಕೋನಕ್ಕೆ ಗುರುತು ಹಾಕಿದ. ಹಿಂದೆ ಸರಿದು ನೋಡಿದ. ಒಂದು ಬಿಟ್ಟು ಒಂದು, ಒಂದು ಬಿಟ್ಟು ಒಂದು. ಮಾವನ ಗೆರೆ. ತಲೆ ಬೇಡ ಎಂದರೂ ಎಂಟು ವರ್ಷ ನೋಡಿದ ಕಣ್ಣು ಕೈಯನ್ನು ಅಲ್ಲಿಗೇ ಒಯ್ದಿತ್ತು. ಆ ಮುದುಕ ತನ್ನ ಬೆರಳೊಳಗೇ ಮನೆ ಮಾಡಿಕೊಂಡು ಕೂತಿದ್ದಾನೆ ಎನಿಸಿ ಸಿದೆರಿಸ್‌ಗೆ ಕೈ ಕಡಿದು ಹಾಕುವಷ್ಟು ಸಿಟ್ಟು ಬಂತು. ಗುರುತುಗಳನ್ನು ಹೆಬ್ಬೆರಳಿನಿಂದ ತಿಕ್ಕಿ ಮುಚ್ಚಿದ.

"ಐದು-ನಾಲ್ಕು," ಎಂದು ಹಿಂದಿನಿಂದ ಮಾವನ ಧ್ವನಿ ಕೇಳಿತು.

ಸಿದೆರಿಸ್ ತಿರುಗಲಿಲ್ಲ. ಐದು, ನಾಲ್ಕು, ಒಂಬತ್ತು.

"ಎರಡು-ಒಂದು," ಎಂದ ಪಾಂತೆಲಿಸ್ ತಾತ. "ಥೂ ದರಿದ್ರ."

ಮೂರು.

ಬೇಕಾದ್ದು ಚೀಟಿ ತಾನೇ. ಹತ್ತು ಹೆಜ್ಜೆಯಲ್ಲಿ ಇಬ್ಬರು ಮುದುಕರು ಬೆಳಗಿನಿಂದ ಬಾಯಿ ಹರಿದುಕೊಂಡು ಚೀಟಿ ಎತ್ತುತ್ತಿದ್ದಾರೆ. ನಿಯಮ ಅವನ ತಲೆಯಲ್ಲಿ ಕೋಡಿನ ಹಾಗೇ ಸಾಲಾಗಿ ಬಂದು ನಿಂತಿತು. ನಾಲ್ಕನೇ ಸಾಲಿಗೆ: ಎರಡು ದಾಳ ಕೂಡಿ ಏಳು ಅಥವಾ ಹೆಚ್ಚು ಬಂದರೆ ಕೆರೆ, ಕಡಿಮೆ ಬಂದರೆ ಬಿಡು. ಐದನೇ ಸಾಲಿಗೆ ಎಂಟು ಬೇಕು. ಆರಕ್ಕೆ ಒಂಬತ್ತು. ಹೀಗೆ ಏರುತ್ತ ಒಂಬತ್ತನೇ ಸಾಲಿಗೆ ಹನ್ನೆರಡೇ ಬೇಕು. ದೊಡ್ಡ ಸಂಖ್ಯೆ ಅಪರೂಪ; ಇಳಿದಂತೆಲ್ಲ ಕಪ್ಪು ತಾನಾಗಿ ತೆಳುವಾಗುತ್ತದೆ.

"ಜೋಡಿ ಮೂರು."

ಆರು. ಬಿಡು.

"ಆರು-ಎರಡು."

ಎಂಟು. ಗುರುತು ಹಾಕು.

ಒಂದು ಸಾಲಿಗೆ ಇಪ್ಪತ್ತೆರಡು ಕೂಗು. ಗುರುತು ಹಾಕಿ ಮುಗಿಸಿ ಕೆರೆಯುತ್ತಿದ್ದ, ಮತ್ತೆ ಕಿವಿ ಕೊಡುತ್ತಿದ್ದ. ನಾಲ್ಕನೇ ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು, ಐದಕ್ಕೆ ಅರ್ಧ, ಆರಕ್ಕೆ ಇಪ್ಪತ್ತೇ ನಿಮಿಷ. ಕೆಳಗೆ ನಗು ಕಡಿಮೆಯಾಗುತ್ತ ಬಂದದ್ದು ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ, ಪಾಂತೆಲಿಸ್ ತಾತನ ಧ್ವನಿ ಏರುತ್ತಿತ್ತು. ಏರಿದ್ದಷ್ಟೇ ಅಲ್ಲ, ಸಿದೆರಿಸ್ ಕೆರೆಯುತ್ತಿರುವಾಗ ತಾತ ದಾಳವನ್ನು ಅಂಗೈಯಲ್ಲಿ ಆಡಿಸುತ್ತ, ಹಲ್ಲಿನ ನೋವು, ಹೆಂಡತಿಯ ನಾಲಿಗೆ ಎಲ್ಲದರ ಬಗ್ಗೆ ಮಾತು ತೆಗೆಯುತ್ತಿದ್ದ. ಮುಳ್ಳು ನಿಂತೊಡನೆ ಎಸೆಯುತ್ತಿದ್ದ.

"ನಾಲ್ಕು-ಮೂರು."

"ಯಾಕೋ ಹಿಂಗೆ ಅರಚ್ತೀಯ?" ಎಂದ ಮಾವ. "ನಾನೇನು ಕಿವುಡನಾ?"

"ನಾನು ಕಿವುಡ. ಎಂಜಿನ್ ಪಕ್ಕ ನಲವತ್ತು ವರ್ಷ ನಿಂತು ನೋಡು, ಆಮೇಲೆ ಮಾತಾಡು."

"ಆಡು, ಆಡು. ಸೋಲ್ತಾ ಇದ್ದೀಯ."

"ಸೋತ್ರೆ ಸೋಲ್ತೀನಿ. ನೀನು ಜೋರಾಗಿ ಕೂಗು, ಮೋಸ ಮಾಡ್ತೀಯ ನೀನು."

ಏಳನೇ ಸಾಲು. ಎಂಟು. ಎಂಟನೆಯದರಲ್ಲಿ ಬರೀ ಎರಡು ಗುರುತು ಬಿದ್ದವು. ಸಾರವೆಯಿಂದ ಇಳಿದು ನೆಲದ ಮೇಲೆ ನಿಂತು ಅವುಗಳನ್ನು ಕೆರೆದ. ಸುಣ್ಣ ಅಂಟು ಬೆಲ್ಲದಂತೆ ಎಳೆಯತೊಡಗಿತ್ತು. ಇನ್ನು ಒಂದೇ ಸಾಲು, ಸೊಂಟದ ಎತ್ತರದಲ್ಲಿ. ಮೊಳೆ ಹಿಡಿದು ಕಾದ.

ಕೂಗು ಬರಲಿಲ್ಲ.

ತಿರುಗಿದ. ಮಾವ ದಾಳಗಳನ್ನು ಮುಷ್ಟಿಯಲ್ಲಿ ಹಿಡಿದು ಇವನನ್ನೇ ನೋಡುತ್ತಿದ್ದ. ಇವನ ಕೈಯ ಮೊಳೆ ನೋಡಿದ, ಗೋಡೆ ನೋಡಿದ, ಪಾಂತೆಲಿಸ್ ತಾತನ ಮುಖ ನೋಡಿದ. ತಾತ ಕಾಫಿ ಲೋಟದೊಳಗೆ ಏನೋ ಬಿದ್ದವನಂತೆ ಬಗ್ಗಿ ಕೂತಿದ್ದ.

"ಓಹೋ," ಎಂದ ಮಾವ ಮೆಲ್ಲಗೆ. "ನನ್ನ ಬಾಯಿಂದಲೇ ಕೆಲಸ ತೆಗೀತಿದ್ದೀರ."

"ಝಾನಿಸ್, ನಿನ್ನ ಸರದಿ," ಎಂದ ತಾತ.

ಮಾವ ದಾಳಗಳನ್ನು ಹಲಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ. ಕೊಂಡಿ ಸಿಕ್ಕಿಸಿದ. ಅದರ ಮೇಲೆ ಎರಡೂ ಮೊಣಕೈ ಊರಿ ಕೂತ.

ಗಾಳಿ ಬೀಸುತ್ತಲೇ ಇತ್ತು. ಸಿದೆರಿಸ್ ಉಗುರು ಒತ್ತಿ ನೋಡಿದ. ಇನ್ನು ಹತ್ತು ನಿಮಿಷ, ಹೆಚ್ಚೆಂದರೆ. ತಾನೇ ಒಂದು ಸಂಖ್ಯೆ ಊಹಿಸಬಹುದು. ಊಹಿಸಿದರೆ ಕೈ ಎಲ್ಲಿಗೆ ಹೋಗುತ್ತದೆ ಎಂದು ಬೆಳಿಗ್ಗೆ ನೋಡಿಯಾಗಿತ್ತು. ಹೋಗಿ ಆ ಹಲಗೆಯನ್ನು ಮುದುಕನ ಮೊಣಕೈ ಕೆಳಗಿನಿಂದ ಎಳೆದು ಅವನ ತಲೆಗೇ ಬಡಿಯಬಹುದು. ಅದರ ಆಸೆ ಕಾಲಿನ ತನಕ ಇಳಿಯಿತು. ಎರಡು ಹೆಜ್ಜೆ ಇಟ್ಟೂ ಇಟ್ಟ.

ಅಲ್ಲಿಂದ ಮೊದಲ ಸಲ ಗೋಡೆ ಪೂರ್ತಿ ಕಂಡಿತು.

ಮೇಲೆ ಕಡುಗಪ್ಪು. ಅಲ್ಲಿಂದ ಕಪ್ಪು ಒಡೆದು, ಚದುರಿ, ಬಿಡಿಬಿಡಿಯಾಗಿ ಇಳಿದು, ಎಂಟನೇ ಸಾಲಿನಲ್ಲಿ ಎರಡೇ ಎರಡು ಹಕ್ಕಿಗಳಂತೆ ಉಳಿದಿತ್ತು. ಅದರ ಕೆಳಗೆ ಒಂಬತ್ತನೆಯದು ಬೆಳ್ಳಗೆ. ಹನ್ನೆರಡು ಎಷ್ಟು ಸಲ ಬೀಳುತ್ತದೆ? ಇಪ್ಪತ್ತೆರಡು ಎಸೆತದಲ್ಲಿ ಒಂದು, ಎಷ್ಟೋ ಸಲ ಒಂದೂ ಇಲ್ಲ.

ಸಿದೆರಿಸ್ ಮೊಳೆಯನ್ನು ಜೇಬಿಗೆ ಹಾಕಿಕೊಂಡ. ಮುಳ್ಳನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆದ.

"ಮುಗೀತು," ಎಂದ.

"ಕೊನೇ ಸಾಲು ಬಿಟ್ಟಿದ್ದೀಯ," ಎಂದ ಮಾವ ಕೂತಲ್ಲಿಂದಲೇ.

"ಅದು ಹಾಗೇ ಇರ್ಬೇಕಾದ್ದು."

"ಸುಳ್ಳು. ಮೊಳೆ ಹಿಡ್ಕೊಂಡು ಕಾಯ್ತಿದ್ದೆ ನೀನು."

"ಕಾಯ್ತಿದ್ದೆ. ನೀನು ಹಲಗೆ ಮುಚ್ಚಿದೆ, ಉತ್ತರ ಬಂತು."

ಮಾವ ಎದ್ದು ಬೀದಿ ದಾಟಿ ಬಂದ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ. ಏಳನೇ ಸಾಲಿನ ಒಂದು ತ್ರಿಕೋನದ ಅಂಚಿನಲ್ಲಿ ಬೆರಳು ಆಡಿಸಿದ.

"ಇಲ್ಲಿ ಮುಳ್ಳು ಆಳ ಇಳಿದಿದೆ. ನೀರು ನಿಲ್ಲುತ್ತೆ. ಎರಡು ವರ್ಷಕ್ಕೆ ಹೊಪ್ಪಳಿಕೆ ಏಳುತ್ತೆ."

ನಿಜ. ಸಿದೆರಿಸ್‌ಗೆ ಕೆರೆಯುವಾಗಲೇ ಗೊತ್ತಾಗಿತ್ತು. "ಗೊತ್ತು," ಎಂದ ಹಲ್ಲು ಕಚ್ಚಿ.

"ಅರ್ಧ ಗೋಡೆ ನನ್ನ ದಾಳದ್ದು. ಊರಿಗೆಲ್ಲ ಹೇಳ್ತೀನಿ."

"ದಾಳ ಸ್ತಮಾತೀಯಾಂದು, ಮಾವ. ನೀನು ಬರೀ ಎಸೆದೆ."

"ಆಟದ ಮಧ್ಯೆ ಮುಚ್ಚಿದವನು ಸೋತ ಹಾಗೆ," ಎಂದು ಪಾಂತೆಲಿಸ್ ತಾತ ಆ ಬದಿಯಿಂದ ಕೂಗಿದ. "ಇವತ್ತಿನ ಕಾಫಿ ಝಾನಿಸ್‌ದು."

ಯಾರೋ ನಕ್ಕರು. ಬೆಳಗಿನ ನಗುವಲ್ಲ, ಮಾವನ ಕಡೆಗೆ ತಿರುಗಿದ ನಗು. ಒಡೀರಿ ಎಂದು ಅವನು ಹೇಳುತ್ತಾನೆ ಎಂದು ಸಿದೆರಿಸ್ ಕಾದ. ಮಾವ ಬಾಯಿ ತೆರೆದ, ತಂಗಿಯ ಕಡೆ ನೋಡಿದ, ಮುಚ್ಚಿಕೊಂಡ. ತಲೆ ತಗ್ಗಿಸಿ ಓಣಿಯ ಕೆಳಗೆ ನಡೆದುಬಿಟ್ಟ.

ಕಾಫಿ ಅಂಗಡಿಯ ಸ್ತಮಾತೀಯಾ ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸುತ್ತ ಬಂದು ನಿಂತಳು. ಅವಳ ಅಂಗಡಿಯ ಗೋಡೆ ಮಾವನ ಕೈಯದೇ, ಇಪ್ಪತ್ತು ವರ್ಷ ಹಳತು, ಒಂದು ಮೂಲೆ ಉದುರಿತ್ತು.

"ನನಗೆ ಈ ಮಸಿ ಬೇಡಪ್ಪ," ಎಂದಳು. "ಮೇಲಿಂದು ನೋಡಿದ್ರೆ ಗಿರಾಕಿಗಳು ಬರಲ್ಲ. ಕೆಳಗಿಂದು ಮಾತ್ರ ಮಾಡ್ಕೊಡ್ತೀಯಾ?"

"ಮೇಲಿಂದು ಇಲ್ಲದೆ ಕೆಳಗಿಂದು ಬರಲ್ಲ."

"ಮುಖ ನೋಡು, ಗೋಡೆಗಿಂತ ಕಪ್ಪು. ವಸಂತದ ತನಕ ಯೋಚನೆ ಮಾಡು. ನಾನೂ ಮಾಡ್ತೀನಿ."

ಅವಳು ಹೋದ ಮೇಲೆ, ತನಗೆ ಎರಡನೇ ಗೋಡೆ ಸಿಗುವಂತಿದೆ ಎಂಬುದು ಅವನ ತಲೆಗೆ ನಿಧಾನವಾಗಿ ಇಳಿಯಿತು. ಖುಷಿಪಡಬೇಕಿತ್ತು. ಬೆಳಗಿನಿಂದ ಹೊತ್ತಿದ್ದ ಸಿಟ್ಟು ಹಾಗೇ ಇತ್ತು, ಇಳಿಸಲು ಎದುರಿಗೆ ಯಾರೂ ಇರಲಿಲ್ಲ. ಬಕೆಟ್ಟನ್ನು ಒದ್ದ. ಬಿಳಿ ನೀರು ಬೀದಿಯ ಕಲ್ಲುಗಳ ನಡುವೆ ಹರಿಯಿತು.

ಮಾತ್ರೋನಾ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಗೋಡೆಯನ್ನೇ ನೋಡುತ್ತಿದ್ದಳು. ಅವನು ಬಂದು ಮೆಟ್ಟಿಲ ಮೇಲೆ ಕೂತ. ಬೆರಳುಗಳು ಮುಳ್ಳಿನ ಆಕಾರಕ್ಕೆ ಮಡಿಚಿಕೊಂಡಿದ್ದವು, ಬಿಚ್ಚುತ್ತಿರಲಿಲ್ಲ. ಅವಳು ಒಂದೊಂದನ್ನೇ ಹಿಡಿದು ಬಿಡಿಸಿದಳು.

"ಒಂದು ಕೇಳ್ತೀನಿ. ಮೇಲೆ ಯಾಕೋ ಅಷ್ಟು ಕಪ್ಪು?"

ಊರಿಗೆ ಹೇಳಲು ಅವನ ಹತ್ತಿರ ಮಾತು ಸಿದ್ಧವಿತ್ತು: ಕತ್ತಲು, ಬೆಳಕು, ನಿಯಮ. ಅಮ್ಮನ ಕೈಯಲ್ಲಿ ಬೆರಳು ಇರುವಾಗ ಅದು ಬಾಯಿಗೆ ಬರಲಿಲ್ಲ.

"ಲೆಕ್ಕ ತಪ್ಪಿದೆ, ಅಮ್ಮ. ಬರೀ ತಪ್ಪು ಅದು."

ಮಾತ್ರೋನಾ ಸೂರಿನ ತನಕ ಮುಖ ಎತ್ತಿ ಮತ್ತೊಮ್ಮೆ ನೋಡಿದಳು.

"ಸರಿ. ಯಾರಾದ್ರೂ ಕೇಳಿದ್ರೆ ನಾನೇ ಹಾಗೆ ಮಾಡ್ಸಿದೆ ಅಂತೀನಿ," ಎಂದು ಎದ್ದಳು. "ಬಾ, ಬೀನ್ಸ್ ಸಾರು ಆರಿಹೋಗಿದೆ."